ಮಾತ್ರೆ ಒಂದೇ ಆದರೆ ಮೈಯೂ ಒಂದೇ ಏನು?

ಕಂಪನಿಯ ವೈದ್ಯಕೀಯ ವಿಭಾಗದ ಮುಖ್ಯಸ್ಥರಿಗೆ,
ದೋಹಾ, ಕತಾರ್

ಮಾನ್ಯರೇ,

ನನ್ನ ತಮ್ಮ ಕಲ್ಮೇಶ ಕುಡುಕನಲ್ಲ. ನಿಮ್ಮ ಮಾತ್ರೆಗಳನ್ನು ಕಸದ ಡಬ್ಬಿಗೆ ಎಸೆದವನೂ ಅಲ್ಲ. ನೀವು ಅವನ ಕಡತದಲ್ಲಿ ಎರಡನ್ನೂ ಬರೆದು, 'ಚಿಕಿತ್ಸೆಗೆ ಸ್ಪಂದಿಸುತ್ತಿಲ್ಲ, ಕೆಲಸಕ್ಕೆ ಅನರ್ಹ' ಎಂದು ಷರಾ ಹಾಕಿ, ಬರುವ ವಾರ ಅವನನ್ನು ವಿಮಾನ ಹತ್ತಿಸಿ ಕಳಿಸಲು ಆಜ್ಞೆ ಮಾಡಿದ್ದೀರಿ. ಅವನ ಬೆರಳು ಮಡಚದಿರುವುದು ಅವನ ತಪ್ಪು, ಕಣ್ಣು ಹಳದಿಯಾದದ್ದು ಅವನ ತಪ್ಪು, ನಿಮ್ಮ ಔಷಧಿ ಅವನಿಗೆ ಒಗ್ಗದೆ ಹೋದದ್ದೂ ಅವನದೇ ತಪ್ಪು. ಇಷ್ಟೊಂದು ತಪ್ಪುಗಳಲ್ಲಿ ನಿಮ್ಮ ಪಾಲಿಗೆ ಒಂದೂ ಬರದಿದ್ದುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಇದರ ಇಂಗ್ಲಿಷ್ ಪ್ರತಿ ನಿಮ್ಮ ಮೇಜಿಗೆ ಬಂದಿರುತ್ತದೆ. ಈ ಬಹಿರಂಗ ಪತ್ರವನ್ನು ಕನ್ನಡದಲ್ಲಿ ಏಕೆ ಅಚ್ಚು ಹಾಕಿಸಿದ್ದೇನೆಂದರೆ, ನಿಮ್ಮ ಆ ಷರಾ ಹರಡಿದ್ದು ಕನ್ನಡದಲ್ಲಿ. ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪಿನಿಂದ ಓಲ್ಡ್ ಏರ್‌ಪೋರ್ಟಿನ ಬಡಾವಣೆಯ ಕಿರಾಣಿ ಅಂಗಡಿಗಳಿಗೆ, ಅಲ್ಲಿಂದ ನಾವಿರುವ ದುಖಾನ್ ಪಟ್ಟಣಕ್ಕೆ, ಕಡೆಗೆ ಗದಗಿನ ಹತ್ತಿರದ ನಮ್ಮ ಊರಿಗೆ ಅದು ಮುಟ್ಟಿತು. ನನ್ನ ಯಜಮಾನರು ಮುರುಗೆಪ್ಪನವರು ಇಲ್ಲಿನ ತೈಲ ಕಂಪನಿಯಲ್ಲಿ ನೌಕರರು. "ಹೆಸರು ಹಾಕಬ್ಯಾಡ, ನಾಳೆ ನಮಗೂ ಖಲಾಸ್ ಅಂದಾರು" ಎಂದರು. ಅವರ ಹೆದರಿಕೆ ಸುಳ್ಳಲ್ಲ. ಆದರೂ ಹೆಸರು ಹಾಕಿದ್ದೇನೆ.

ನಡೆದದ್ದು ಹೀಗೆ. ಕಲ್ಮೇಶ ನಿಮ್ಮ ಕಂಪನಿಯ ಯಾರ್ಡಿನಲ್ಲಿ ಕಬ್ಬಿಣದ ಪೈಪುಗಳಿಗೆ ಮರಳು ಊದಿ ತುಕ್ಕು ತೆಗೆಯುವವನು. ಹೋದ ಬೇಸಿಗೆಯಿಂದ ಬೆಳಿಗ್ಗೆ ಎದ್ದರೆ ಅವನ ಬೆರಳುಗಳು ಮರಗಟ್ಟಿರುತ್ತಿದ್ದವು. ಅವನ ಅಂಗಿಯ ಗುಂಡಿಯನ್ನು ತನಿಯ ಎಂಬ ಕೋಣೆಯ ಜೊತೆಗಾರ ಹಾಕಿಕೊಡಬೇಕಾಗುತ್ತಿತ್ತು. ನಿಮ್ಮ ಕ್ಲಿನಿಕ್ಕಿನ ವೈದ್ಯರು ಇದು ರುಮಟಾಯ್ಡ್ ಸಂಧಿವಾತ, ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಬಿದ್ದು ಕೀಲುಗಳನ್ನು ತಿನ್ನುವ ಕಾಯಿಲೆ ಎಂದು ಸರಿಯಾಗಿಯೇ ಗುರುತಿಸಿದರು. ಅದಕ್ಕೆ ಅವರಿಗೆ ನನ್ನ ನಮಸ್ಕಾರ. ಆಮೇಲೆ ಸಲ್ಫಾ ಜಾತಿಯ ಹಳದಿ ಮಾತ್ರೆ ಬರೆದುಕೊಟ್ಟರು. ಬರೆಯುವ ಮೊದಲು ರಕ್ತ ಪರೀಕ್ಷಿಸಲಿಲ್ಲ, ಮನೆತನದಲ್ಲಿ ಯಾರಿಗೇನಿತ್ತು ಎಂದು ಕೇಳಲೂ ಇಲ್ಲ.

ಅದೇ ಕಾಯಿಲೆಗೆ ಅದೇ ಮಾತ್ರೆಯನ್ನು ನಿಮ್ಮ ಅಕೌಂಟ್ಸ್ ವಿಭಾಗದ ಸೈಮನ್ ಕೂಡ ತಿನ್ನುತ್ತಿದ್ದರು. ಮಂಗಳೂರಿನವರು, ಒಳ್ಳೆಯ ಮನುಷ್ಯ. ಅವರು ಗುಣವಾಗಿ ಮತ್ತೆ ಬ್ಯಾಡ್ಮಿಂಟನ್ ಆಡತೊಡಗಿದರು. ನನಗೆ ಸಂತೋಷವೇ. ಆದರೆ ಅಂದಿನಿಂದ ಸೈಮನ್ ನಿಮ್ಮ ಕೈಯಲ್ಲಿ ಅಳತೆಗೋಲಾದರು. ಕಲ್ಮೇಶನಿಗೆ ನೋವು ಇಳಿಯದೆ, ಮೇಲೆ ಸುಸ್ತು, ಏದುಸಿರು ಶುರುವಾದಾಗ ನಿಮ್ಮ ಕ್ಲಿನಿಕ್ಕು ಅವನ ಮೇಲೆ ಹಾಕಿದ ಮೊದಲ ಆಪಾದನೆ, ಇವನು ಮಾತ್ರೆ ನುಂಗುತ್ತಿಲ್ಲ ಎಂಬುದು. ಸೈಮನ್ನರಿಗೆ ಹಿಡಿದ ಔಷಧಿ ಇವನಿಗೆ ಹಿಡಿಯದೆ ಹೋಗಲು ಬೇರೆ ಕಾರಣವೇ ಇರಬಾರದಲ್ಲ!

ನಾನು ಅಡುಗೆಮನೆಯವಳು, ಅಷ್ಟರಲ್ಲೇ ಹೇಳುತ್ತೇನೆ. ಒಂದೇ ಹೆಪ್ಪು ಹಾಕಿದ ಹಾಲನ್ನು ದುಖಾನಿನ ಸೆಕೆಯಲ್ಲಿಟ್ಟರೆ ಮಧ್ಯಾಹ್ನಕ್ಕೆ ಹುಳಿ ಮೊಸರು, ಏಸಿಯ ಕೆಳಗಿಟ್ಟರೆ ಮರುದಿನವೂ ಹಾಲು. ಹಸುವಿನ ಹಾಲಿನ ರೀತಿ ಒಂದು, ಪುಡಿ ಹಾಲಿನ ರೀತಿ ಇನ್ನೊಂದು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಹಾಲಿನ ನಡತೆ ಸರಿಯಿಲ್ಲ ಎಂದು ಬರೆದಿಟ್ಟಿಲ್ಲ. ನೀವು ವೈದ್ಯಶಾಸ್ತ್ರ ಓದಿದವರು, ನಿಮಗೆ ಮೊದಲು ಹೊಳೆದದ್ದೇ ನಡತೆ.

ಇನ್ನು ಆ ಹಳದಿ ಕಣ್ಣಿನ ವಿಷಯ. ಕ್ಯಾಂಪಿನ ಕೋಣೆಯಲ್ಲಿ ಶುಕ್ರವಾರದ ಅಡುಗೆಯನ್ನು ಹುಡುಗರು ಪಾಳಿಯ ಮೇಲೆ ಮಾಡುತ್ತಾರೆ. ಈ ಚಳಿಗಾಲದಲ್ಲಿ ಕಲ್ಮೇಶನ ಪಾಳಿ ಬಂದ ದಿನ ತರಕಾರಿ ಅಂಗಡಿಯಲ್ಲಿ ದಪ್ಪ ಹಸಿರು ಕಾಯಿಗಳು ಬಂದಿದ್ದವು. ಬಿಡಿಸಿ ನೋಡಿದರೆ ನಮ್ಮ ಕಡೆಯವರ ಕಣ್ಣಿಗೆ ಅವು ಅವರೆಕಾಳೇ. ಊರು ಬಿಟ್ಟ ಮೇಲೆ ಅವರೆ ತಿಂದಿರದ ನನ್ನ ತಮ್ಮ ಹಿಗ್ಗಿ ನನಗೆ ಫೋನು ಮಾಡಿದ. "ಅಕ್ಕಾ, ಇಲ್ಲಿ ಅವರಿಕಾಳ ಸಿಕ್ಕಾವ. ಅವ್ವ ಮಾಡಿದಂಗ ಸಾರು ಮಾಡ್ತೀನಿ ನೋಡ" ಎಂದ. ಅವು ಅವರೆಯಲ್ಲ. ಇಲ್ಲಿಯ ಜನ ಬೇಯಿಸಿ, ಎಣ್ಣೆ ಹಾಕಿ, ಬೆಳಗಿನ ಹೊತ್ತು ರೊಟ್ಟಿಯ ಜೊತೆ ತಿನ್ನುವ ಫೂಲ್ ಎಂಬ ಕಾಳು. ಕೋಣೆಯವರೆಲ್ಲ ಆ ಸಾರು ಹೊಗಳಿ ಹೊಗಳಿ ಉಂಡರು, ಯಾರಿಗೂ ಏನೂ ಆಗಲಿಲ್ಲ. ಕಲ್ಮೇಶನ ಕಣ್ಣು ಮಾತ್ರ ಭಾನುವಾರಕ್ಕೆ ಅರಿಸಿನದಂತಾಯಿತು, ಮೂತ್ರ ಹಾಲಿಲ್ಲದ ಸುಲೈಮಾನಿ ಚಹಾದ ಬಣ್ಣಕ್ಕೆ ತಿರುಗಿತು, ಮಂಚ ಹತ್ತಲೂ ಉಸಿರು ಸಾಲಲಿಲ್ಲ.

ನಿಮ್ಮ ಕ್ಲಿನಿಕ್ಕಿನಲ್ಲಿ ಏನಾಯಿತು? ಕಣ್ಣು ಹಳದಿ ಎಂದರೆ ಕಾಮಾಲೆ, ಕೂಲಿಯವನಿಗೆ ಕಾಮಾಲೆ ಎಂದರೆ ಕಳ್ಳಸಾರಾಯಿ. ಲೆಕ್ಕ ಮುಗಿಯಿತು. ಅವನ ಬಾಯಿ ಮೂಸಿ ನೋಡಿದಿರಾ? ಕೋಣೆಯವರನ್ನು ಕೇಳಿದಿರಾ? ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಹೆಂಡ ಮುಟ್ಟಿದವನಲ್ಲ ಎಂದು ತನಿಯ ತನಗೆ ಬಂದ ಹಿಂದಿಯಲ್ಲಿ ಬೇಡಿಕೊಂಡ. ಅವನಿಗೆ ಸಿಕ್ಕ ಉತ್ತರ 'ಯಲ್ಲಾ, ನಡಿ, ಹೊರಗೆ ಹೋಗು' ಎಂಬುದು. ಅದರ ಮೇಲೆ ಹಳದಿ ಮಾತ್ರೆಯನ್ನು ತಪ್ಪದೆ ನುಂಗಬೇಕೆಂಬ ಕಟ್ಟಪ್ಪಣೆ. ನನ್ನ ತಮ್ಮನ ರಕ್ತ ಒಡೆಯುತ್ತಿದ್ದಾಗ ಅದನ್ನು ಇನ್ನಷ್ಟು ಒಡೆಯುವ ಮಾತ್ರೆಯನ್ನೇ ನೀವು ಶಿಸ್ತಿನ ಹೆಸರಿನಲ್ಲಿ ನುಂಗಿಸಿದಿರಿ.

ತನಿಯ ಅವನನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ದೋಹಾದ ದೊಡ್ಡಾಸ್ಪತ್ರೆಗೆ ಓಡಿದ. ನಾವು ದುಖಾನಿನಿಂದ ಹೋಗಿ ಮುಟ್ಟುವಷ್ಟರಲ್ಲಿ ರಕ್ತ ಏರಿಸುತ್ತಿದ್ದರು. ಅಲ್ಲಿದ್ದವರು ಸುಡಾನಿನ ಒಬ್ಬ ವೈದ್ಯರು. ಏನು ಕುಡಿದೆ ಎಂದು ಅವರು ಕೇಳಲಿಲ್ಲ; ಏನು ತಿಂದೆ, ಯಾವ ಮಾತ್ರೆ ನುಂಗುತ್ತೀ, ತಾಯಿಯ ಕಡೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ಆಗ ನನಗೆ ಸೋದರಮಾವ ನೆನಪಾದ. ಚಿಕ್ಕಂದಿನಲ್ಲಿ ಮಲೇರಿಯಾ ಮಾತ್ರೆ ನುಂಗಿ ಅವನೂ ಹೀಗೆಯೇ ಹಳದಿಯಾಗಿ ಸಾಯುವಂತಾಗಿದ್ದನೆಂದು ಅವ್ವ ಹೇಳುತ್ತಿದ್ದಳು. ಊರಲ್ಲಿ ಕಾಮಾಲೆಯೆಂದು ಬೇರು ಅರೆದು ಕುಡಿಸಿದ್ದರು.

ವೈದ್ಯರು ನಮ್ಮನ್ನು ಕುಳ್ಳಿರಿಸಿ ತಿಳಿಸಿದರು. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ-ಸಿಕ್ಸ್-ಪಿಡಿ ಎಂಬ ಅಂಶ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಅದು ತಾಯಿಯಿಂದ ಗಂಡುಮಕ್ಕಳಿಗೆ ಇಳಿದು ಬರುತ್ತದೆ. ಸುಮ್ಮನಿದ್ದರೆ ಸುಮ್ಮನಿರುತ್ತದೆ, ಈ ಕಾಳು ತಿಂದರೆ, ಕೆಲವು ಮಾತ್ರೆ ನುಂಗಿದರೆ, ಕಣಗಳು ಒಡೆಯುತ್ತವೆ, ಅದರಿಂದಲೇ ಕಣ್ಣು ಹಳದಿಯಾಗುತ್ತದೆ. ಸಲ್ಫಾ ಮಾತ್ರೆ ಅಂಥದ್ದು. ಅದರ ಜೊತೆಗೆ ಯಾರ್ಡಿನ ಮರಳುಧೂಳು, ಸಿಗರೇಟಿನ ಹೊಗೆ ಇವು ಸಂಧಿವಾತವನ್ನು ಕೆರಳಿಸಿ ಔಷಧಿಯ ಬಲವನ್ನೂ ತಗ್ಗಿಸಬಹುದು ಎಂದರು. ಹೌದು, ನನ್ನ ತಮ್ಮ ಸಿಗರೇಟು ಸೇದುತ್ತಾನೆ. ಅದನ್ನು ಬಿಡಿಸುವ ಹೊಣೆ ನನ್ನದು. ಧೂಳು ಬಿಡಿಸುವ ಹೊಣೆ ಯಾರದು? ರಕ್ತ ಪರೀಕ್ಷೆಯಲ್ಲಿ ಆ ಕೊರತೆ ಖಚಿತವಾಯಿತು, ಲಿವರ್ ಚೆನ್ನಾಗಿದೆಯೆಂದೂ ಗೊತ್ತಾಯಿತು. ಈ ಕೊರತೆ ಗಲ್ಫಿನ ಎಷ್ಟೋ ಮನೆತನಗಳಲ್ಲಿ ಇದೆಯಂತೆ, ಇಲ್ಲಿನ ವೈದ್ಯರಿಗೆ ಇದು ಹೊಸದಲ್ಲವಂತೆ. ಹಾಗಾದರೆ ನಿಮಗೆ ಮಾತ್ರ ಹೇಗೆ ಹೊಸದಾಯಿತು?

ಆ ವೈದ್ಯರ ಪತ್ರ ಹಿಡಿದುಕೊಂಡು ನಾನು, ನನ್ನ ಯಜಮಾನರು ನಿಮ್ಮ ಕೋಣೆಗೆ ಬಂದೆವು. ನೀವು ಅದನ್ನು ಓದದೆ ಪಕ್ಕಕ್ಕಿಟ್ಟಿರಿ. ಕಾಯಿಲೆ ಒಂದೇ, ಮಾತ್ರೆ ಒಂದೇ, ಸೈಮನ್ ಗುಣವಾಗಿದ್ದಾನೆ, ತಪ್ಪು ಮನುಷ್ಯನದು ಎಂದಿರಿ. ಹೊರಗೆ ಸೈಮನ್ ಸಿಕ್ಕರು, ಅವರಿಗೇ ಮುಖ ಎತ್ತಲು ಆಗಲಿಲ್ಲ. "ನಾನು ಏಸಿಯಲ್ಲಿ ಕೂತವ ಅಕ್ಕ, ಅವ ಧೂಳಲ್ಲಿ ನಿಂತವ. ನನ್ನನ್ನು ತೋರಿಸಿ ಅವನಿಗೆ ಶಿಕ್ಷೆ ಕೊಟ್ಟರೆ ಹೇಗೆ ಆಗ್ತದೆ?" ಎಂದರು. ನಿಮ್ಮ ಸಾಕ್ಷಿಯೇ ಹೀಗೆ ಹೇಳುತ್ತಿದ್ದಾರೆ, ಮಾನ್ಯರೇ.

ಇಷ್ಟನ್ನೂ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ನೀವು ಅಲ್ಲಿಗೂ ಬಿಡಲಿಲ್ಲ. ಕನ್ನಡ ಬಲ್ಲ ಒಬ್ಬ ಗುಮಾಸ್ತನಿಂದ ನಮ್ಮೂರಿಗೆ ಫೋನು ಮಾಡಿಸಿ, ನಿಮ್ಮ ಮಗ ಕುಡಿದು ಲಿವರ್ ಕೆಡಿಸಿಕೊಂಡಿದ್ದಾನೆ, ವಾಪಸು ಕಳಿಸುತ್ತಿದ್ದೇವೆ, ವಿಮಾನ ನಿಲ್ದಾಣಕ್ಕೆ ಯಾರಾದರೂ ಬನ್ನಿ ಎಂದು ಹೇಳಿಸಿದಿರಿ. ಫೋನು ಎತ್ತಿದವಳು ನಮ್ಮವ್ವ ಲಕ್ಕವ್ವ. ಅವತ್ತು ಸಂಜೆ ಅವಳು ನನಗೆ ಫೋನು ಮಾಡಿ ಗುಮಾಸ್ತ ಹೇಳಿದ್ದನ್ನೆಲ್ಲ ಒಪ್ಪಿಸಿದಳು. ಆಮೇಲೆ, "ದಾಕ್ಷಾಯಣಿ, ನನ್ನ ಮುಂದ ಮುಚ್ಚಿಡಬ್ಯಾಡ. ಖರೇನ ಕುಡದಾನೇನು ಅಂವ?" ಎಂದಳು.

ಹೆತ್ತವಳು ಕೇಳಿದ ಪ್ರಶ್ನೆ ಇದು. ಇಲ್ಲವ್ವಾ ಎಂದು ನಾನು ಆಣೆ ಇಟ್ಟು ಹೇಳಿದೆ, ಅವಳು ಹೂಂ ಎಂದಳು, ಆದರೆ ಆ ಹೂಂಕಾರದಲ್ಲಿ ನಂಬಿಕೆ ಇರಲಿಲ್ಲ. ಅಕ್ಕ ತಮ್ಮನನ್ನು ಕಾಪಾಡಿ ಮಾತಾಡುತ್ತಾಳೆ, ಅಷ್ಟು ದೊಡ್ಡ ಕಂಪನಿಯ ಡಾಕ್ಟರು ಸುಳ್ಳು ಹೇಳುತ್ತಾರೆಯೇ ಎಂಬುದು ಅವಳ ಲೆಕ್ಕ. ರಕ್ತದಲ್ಲಿ ಅವನಿಗೆ ಆ ಕೊರತೆ ಬಂದದ್ದು ಅವಳಿಂದ, ಅದು ಅವಳ ತಪ್ಪೂ ಅಲ್ಲ, ಅವನ ತಪ್ಪೂ ಅಲ್ಲ. ತಾಯಿ ಮಗನನ್ನು ಅನುಮಾನಿಸುವಂತೆ ಮಾಡಿದ್ದು ಮಾತ್ರ ನೀವು. ಅದಕ್ಕೆ ನಿಮಗೆ ನನ್ನಿಂದ ಕ್ಷಮೆ ಇಲ್ಲ.

ನಾನು ಕೇಳುವುದು ಹೆಚ್ಚಿಲ್ಲ. ಬರುವ ವಾರದ ಆ ಪ್ರಯಾಣವನ್ನು ರದ್ದು ಮಾಡಿ. ದೊಡ್ಡಾಸ್ಪತ್ರೆಯ ವೈದ್ಯರು ಅವನ ಮೈಗೆ ಒಗ್ಗುವ ಬೇರೆ ಔಷಧಿಯ ಹೆಸರು ಬರೆದುಕೊಟ್ಟಿದ್ದಾರೆ. ಅದನ್ನು ಕೊಡಿಸಿ, ಯಾರ್ಡಿನ ಧೂಳಿನಿಂದ ತೆಗೆದು ಅವನನ್ನು ಸ್ಟೋರಿನ ಕೆಲಸಕ್ಕೆ ಹಾಕಿ, ಆಮೇಲೆ ಅವನು ಸ್ಪಂದಿಸುತ್ತಾನೋ ಇಲ್ಲವೋ ನೋಡಿ. ಆ ಹಳದಿ ಮಾತ್ರೆಯನ್ನು ಇನ್ನು ಯಾರಿಗೇ ಕೊಡುವ ಮೊದಲು ಅವರ ರಕ್ತ ಪರೀಕ್ಷಿಸಿ. ಕಡತದಿಂದ ಕುಡಿತ ಎಂಬ ಮಾತನ್ನು ಹೊಡೆದುಹಾಕಿ.

ಇಷ್ಟಾದ ಮೇಲೆ ನಮ್ಮವ್ವನಿಗೆ ಇನ್ನೊಮ್ಮೆ ಫೋನು ಮಾಡಿಸಿ. ನಂಬರು ನಿಮ್ಮ ಹತ್ತಿರ ಇದೆ, ಕನ್ನಡ ಬಲ್ಲ ಗುಮಾಸ್ತನೂ ಇದ್ದಾನೆ. ನಿನ್ನ ಮಗ ಕುಡಿದಿಲ್ಲವಮ್ಮ, ಊರಿನ ಆಸೆಗೆ ಅವರೆಕಾಳೆಂದು ತಿಳಿದು ಸಾರು ಮಾಡಿಕೊಂಡು ಉಂಡ, ತಪ್ಪು ನಮ್ಮದು ಎಂದು ಹೇಳಿಸಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ನೀವು ಹೇಳಿದರೆ ನಂಬುತ್ತಾಳೆ.

ಇಂತಿ,
ಹೆತ್ತವ್ವನೇ ನಂಬದ ಮಾತನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿರುವ
ದಾಕ್ಷಾಯಣಿ, ಕಲ್ಮೇಶನ ಅಕ್ಕ
ದುಖಾನ್