ಜೀನ್ಸಿನ ಶಾಖ

ಅವ್ವಾ,

ಇವತ್ತು ಬಳ್ಳಾರಿಯಲ್ಲಿ ನನ್ನ ಕುತ್ತಿಗೆಯ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿದರು. ನಿನ್ನ ಕೀಲುವಾತ ನನಗೂ ಬಂದಿದೆ. ಬೆಳಿಗ್ಗೆ ಬೆರಳು ಮಡಿಚಲು ಆಗುವುದಿಲ್ಲ.

"ಇದು ಬರೇ ಕೀಲಿನ ರೋಗ ಅಲ್ರಿ. ಉರಿಯೂತ ರಕ್ತನಾಳಕ್ಕೂ ಹೋಗೈತಿ, ಅವು ದಪ್ಪ ಆಗ್ಯಾವ, ಹೃದಯಕ್ಕೂ ಅಪಾಯ," ಎಂದರು ಡಾಕ್ಟರು. "ನಿಮ್ಮ ತಾಯಿ ಹೆಂಗ ಹೋದ್ರು?"

ಹಾರ್ಟ್ ಅಟ್ಯಾಕ್ ಎಂದಷ್ಟೇ ಹೇಳಿದೆ.

ರಾಯದುರ್ಗದ ಹೊಲಿಗೆ ಯೂನಿಟ್‌ನಲ್ಲಿ ನೀವೆಲ್ಲ ಆಗತಾನೇ ಇಸ್ತ್ರಿಯಾದ ಜೀನ್ಸ್ ಮೇಲೆ ಕೈ ಕಾಯಿಸಿಕೊಂಡೇ ಮಿಷನ್ನಿಗೆ ಕೂರುತ್ತಿದ್ದಿರಿ. ಕೊನೆಯ ದಿನ ಮನೆಯಲ್ಲಿ ನೀನು ಎಡಭುಜ ನೋವೆಂದಾಗ, ಕೀಲುವಾತವೆಂದೇ ತಿಳಿದು ನಾನೂ ಹಾಗೇ ಒಂದು ಪ್ಯಾಂಟ್ ಬಿಸಿ ಮಾಡಿ ಇಟ್ಟೆ. "ಹಾಯ್ ಅನಸ್ತೈತಿ, ಇನ್ನೊಂದು ಸಲ ಇಡವ್ವ," ಅಂದಿದ್ದೆ ನೀನು. ಇನ್ನೊಂದು ಸಲವೂ ಇಟ್ಟೆ.

ಇವತ್ತು ಮನೆಗೆ ಬರುವಷ್ಟರಲ್ಲಿ ನನ್ನ ಎಡಭುಜವೂ ಹಿಡಿದುಕೊಂಡಿತ್ತು. ಕೀಲೋ ಎದೆಯೋ ತಿಳಿಯಲಿಲ್ಲ. ತಂಗಿ ಮಂಗಳಾ ಇಸ್ತ್ರಿಪೆಟ್ಟಿಗೆ ಕಾಯಿಸಿ, ಬಿಸಿ ಜೀನ್ಸ್ ಮಡಿಚಿ ತಂದಳು.

"ಇದಕ್ಕಿಂತ ಔಷಧ ಇಲ್ಲಂತಿದ್ಲಲ್ಲಕ್ಕ ಅವ್ವ. ಇಡ್ಲಾ?"

ಬೇಡ ಎಂದೆ.

"ಯಾಕ?"

ನೀನು ಹೋದ ಮಧ್ಯಾಹ್ನ ಅವಳು ಮನೆಯಲ್ಲಿರಲಿಲ್ಲ. ಅವಳ ಕೈಯಲ್ಲೇ ಜೀನ್ಸಿನ ಬಿಸಿ ಆರಿತು.