ಕೆಂಪು ಬಟ್ಟೆಗೆ ಕೈ ಮುಗಿದ ಅಪ್ಪ

ಸಂಪಾಜೆ
೨೦-೧-೨೦೨೫, ಸೋಮವಾರ

ಪ್ರೀತಿಯ ಮಗಳು ಯಶಸ್ವಿಗೆ,

ಅಮ್ಮನ ತುಂಬು ಮನಸ್ಸಿನ ಹಾರೈಕೆಗಳು. ಹೇಗಿದ್ದೀ? ಕಾಲು ಊದಿಕೊಳ್ಳುವುದು ಕಡಿಮೆಯಾಯಿತೇ? ನಿನ್ನ ಅತ್ತೆ ಸಾಕೆಂದರೂ ಬಿಡದೆ ಬಡಿಸುತ್ತಾರೆಂದು ನೀನು ದೂರಿದ್ದು ಕೇಳಿ ಸಂತೋಷವಾಯಿತು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ, ನಿನ್ನಿಂದ ಬೈಸಿಕೊಳ್ಳುತ್ತಿದ್ದೆ.

ಕೈಯಲ್ಲಿ ಮೊಬೈಲ್ ಇರುವಾಗ ಈ ಅಮ್ಮನಿಗೆ ಪತ್ರದ ಮರುಳು ಯಾಕೆ ಎಂದು ನಗಬೇಡ. ಫೋನಿನಲ್ಲಿ ಮಾತಾಡಿದರೆ ನಿನ್ನ ಅಪ್ಪನ ಕಿವಿಗೆ ಬೀಳುತ್ತದೆ. ಅವರ ಕಿವಿಗೆ ಏನೂ ಆಗಿಲ್ಲ, ಅಡುಗೆಮನೆಯಲ್ಲಿ ಚಮಚ ಬಿದ್ದರೂ ಜಗಲಿಯಿಂದ ಕೇಳುತ್ತಾರೆ. ನಮ್ಮ ಪಕ್ಕದ ಮನೆಯ ನಿಶ್ಮಿತಾ ಟೀಚರು ರಜೆ ಮುಗಿಸಿ ನಾಡಿದ್ದು ಕಡಬಕ್ಕೆ ಹೊರಡುತ್ತಾಳೆ. ಹಲಸಿನ ಹಪ್ಪಳದ ಕಟ್ಟಿನೊಂದಿಗೆ ಇದನ್ನು ನಿನ್ನ ಕೈಗೇ ಕೊಡಲು ಹೇಳಿದ್ದೇನೆ. ಓದುವಾಗ ಕೂತುಕೊಂಡು ಓದು. ಹೆದರುವಂಥದ್ದು ಏನೂ ಇಲ್ಲ, ಆದರೆ ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ವಿಷಯ ಅಪ್ಪನದ್ದು. ಅಪ್ಪನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ.

ಮೊದಲು ಯಾರಿಗೂ ಗೊತ್ತಾಗಲಿಲ್ಲ. ಸುಳ್ಯದಿಂದ ಸಂಪಾಜೆಯವರೆಗೆ ಇಷ್ಟು ವರ್ಷ ಬಾಡಿಗೆ ಜೀಪು ಓಡಿಸಿದ ಮನುಷ್ಯ, ಆ ರಸ್ತೆಯ ತಿರುವುಗಳೆಲ್ಲ ಅವರಿಗೆ ಬಾಯಿಪಾಠ. ಎಲ್ಲಿ ಹೊಂಡ, ಎಲ್ಲಿ ಯಾರು ಕಾಯುತ್ತಾ ನಿಲ್ಲುತ್ತಾರೆ ಎಂದು ಕಾಣದಿದ್ದರೂ ಗೊತ್ತು. ಆದರೆ ದಾರಿಯಲ್ಲಿ ಎದುರಾಗುವವರು ಒಂದೇ ಕಡೆ ನಿಲ್ಲುವುದಿಲ್ಲವಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟಿರುವ ಅಪ್ಪನ ದೋಸ್ತಿ ಹೈದರ್ ಕಾಕ ಒಂದು ದಿನ ಮನೆಗೇ ಬಂದು, "ಎಂತ ಲೋಲಾಕ್ಷಕ್ಕ, ಜತ್ತಣ್ಣನಿಗೆ ಈಗೀಗ ಭಾರೀ ಗತ್ತು ಬಂದಿದೆ. ನಾನು ರಸ್ತೆ ಬದಿಯಲ್ಲಿ ನಿಂತು ಕೈ ಎತ್ತಿದರೆ ನೋಡುದೂ ಇಲ್ಲ ಮಾರಾಯ್ರೆ" ಎಂದು ದೂರು ಹೇಳಿದರು. ಅಪ್ಪ ನಕ್ಕು, ಹೈದರನ ಮುಖ ನೋಡಿದರೆ ಬಾಡಿಗೆ ಸಿಗುವುದಿಲ್ಲ ಅಂತ ನೋಡಲಿಲ್ಲ ಎಂದರು. ಇಬ್ಬರೂ ಚಾ ಕುಡಿದರು. ನನಗೆ ಮಾತ್ರ ಮನಸ್ಸಿನೊಳಗೆ ಏನೋ ಕೊರೆಯತೊಡಗಿತು. ಜನ ಕಂಡರೆ ಗಾಡಿ ನಿಲ್ಲಿಸಿಯೇ ಮಾತಾಡಿಸುವ ಜಾತಿ ನಿನ್ನ ಅಪ್ಪನದ್ದು.

ಆಮೇಲೆ ಸುಳ್ಯಕ್ಕೆ ಹೋಗುವಾಗೆಲ್ಲ "ನೀನೂ ಬಾ, ಒಬ್ಬನೇ ಉದಾಸೀನ ಆಗ್ತದೆ" ಎನ್ನಲು ಶುರುಮಾಡಿದರು. ಮದುವೆಯಾದ ಹೊಸದರಲ್ಲೂ ಕಾಣದ ಪ್ರೀತಿ ಇದು ಎಂದುಕೊಂಡೆ. ಪಕ್ಕದಲ್ಲಿ ಕೂತು ಮಾತಾಡುತ್ತಾ, ಅಲ್ಲೊಂದು ದನ ಉಂಟು, ಇಲ್ಲೊಂದು ಬೈಕು ಬರುತ್ತಾ ಉಂಟು ಎಂದು ನನ್ನ ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದೆ. ಅವರು ಹೂಂ ಹೂಂ ಎನ್ನುತ್ತಿದ್ದರು. ಹೆಂಡತಿಯ ಮಾತನ್ನು ಅಷ್ಟು ಗಮನವಿಟ್ಟು ಕೇಳುವ ಗಂಡಸು ಈ ಊರಲ್ಲೇ ಇಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ ಬೇರೆ.

ಕಳೆದ ತಿಂಗಳು ಒಂದು ಸಂಜೆ ವಾಪಸು ಬರುತ್ತಿದ್ದೆವು. ಕತ್ತಲಾಗಿರಲಿಲ್ಲ, ಸ್ವಲ್ಪ ಮಂಜಿತ್ತು. ಮರದ ಬುಡದಲ್ಲಿ ಕೆಂಪು ಪಟ್ಟೆವಸ್ತ್ರ ಉಡಿಸಿದ ದೈವದ ಕಟ್ಟೆ ಉಂಟಲ್ಲ, ನಮ್ಮ ಕಡೆಯ ಡ್ರೈವರುಗಳೆಲ್ಲ ಹಾರನ್ ಹೊಡೆದು ಹಣೆಗೆ ಕೈ ಮುಟ್ಟಿಸಿ ಮುಂದೆ ಹೋಗುವ ಜಾಗ, ಅದಿನ್ನೂ ಒಂದು ತಿರುವು ಆಚೆಗಿತ್ತು. ಅಪ್ಪ ಈಚೆಯ ತಿರುವಿನಲ್ಲೇ ಹಾರನ್ ಹೊಡೆದರು. ಸ್ಟೇರಿಂಗಿನಿಂದ ಕೈ ತೆಗೆದು ಹಣೆಗೆ ಮುಟ್ಟಿಸಿದರು, ಕಣ್ಣನ್ನೂ ಒಂದು ಗಳಿಗೆ ಮುಚ್ಚಿದರು. ನಾನು ಎದುರು ನೋಡುತ್ತೇನೆ, ಕೆಟ್ಟು ನಿಂತ ಲಾರಿ! ಹಿಂದೆ ಬರುವವರಿಗೆ ತಿಳಿಯಲೆಂದು ಸೊಪ್ಪಿನ ಗೆಲ್ಲು ಮುರಿದು ರಸ್ತೆಗೆ ಹಾಕಿ, ಅದರ ಮೇಲೆ ಕೆಂಪು ಬಟ್ಟೆ ಕಟ್ಟಿದ್ದರು. ಅಪ್ಪ ಕೈ ಮುಗಿದದ್ದು ಆ ಬಟ್ಟೆಗೆ.

ನಾನು ಕಿರುಚಿದ್ದು ನಿನಗೆ ಕಡಬಕ್ಕೂ ಕೇಳಬೇಕಿತ್ತು. ಅಪ್ಪ ಬ್ರೇಕ್ ಒತ್ತಿದರು, ಜೀಪು ಗೆಲ್ಲಿನ ಮೇಲೆ ಹತ್ತಿ ಲಾರಿಗೆ ಒಂದು ಮೊಳ ಇರುವಾಗ ನಿಂತಿತು. ಪುಣ್ಯಕ್ಕೆ ಲಾರಿಯ ಹತ್ತಿರ ಯಾರೂ ಇರಲಿಲ್ಲ. ನಮ್ಮ ಜೀಪಿನಲ್ಲೂ ಬೇರೆ ಜನ ಇರಲಿಲ್ಲ. ಏನೂ ಆಗಲಿಲ್ಲ ಎಂದು ಮತ್ತೊಮ್ಮೆ ಬರೆಯುತ್ತೇನೆ, ಗಾಬರಿಯಾಗಬೇಡ. ಮನೆಗೆ ಬಂದು ಅಪ್ಪ ಹೇಳಿದ್ದು ಒಂದೇ ಮಾತು, "ಮಂಜು."

ಮರುದಿನವೇ ನಾನು ಜೀಪಿನ ಕೀ ತೆಗೆದು ಅಕ್ಕಿ ಡಬ್ಬದಲ್ಲಿ ಹಾಕಿದೆ. ಅಂದಿನಿಂದ ಬಾಡಿಗೆಗೆ ಹೋಗಲು ಬಿಟ್ಟಿಲ್ಲ. ಅವರು ಬಸ್ಸಿನಲ್ಲಿ ಕುಂಬ್ರಕ್ಕೆ ಹೋಗಿ ರಸ್ತೆ ಬದಿಯಲ್ಲಿ ಮಾರುವ ಹಳದಿ ಗಾಜಿನ ಕನ್ನಡಕ ತಂದರು. ಘಾಟಿಯಲ್ಲಿ ಲಾರಿ ಓಡಿಸುವವರೆಲ್ಲ ಇದನ್ನೇ ಹಾಕುವುದಂತೆ, ಇದು ಹಾಕಿದರೆ ಎದುರಿನ ಲೈಟು ಕುಕ್ಕುವುದಿಲ್ಲವಂತೆ. ಅದನ್ನು ಮೂಗಿಗೇರಿಸಿ ಅಂಗಳದಲ್ಲಿ ನಿಂತವರಿಗೆ, ಬೇಲಿಯ ಮೇಲೆ ಒಣ ಹಾಕಿದ್ದು ಎಂತ ಹೇಳಿ ನೋಡುವಾ ಎಂದು ಕೇಳಿದೆ. ನನ್ನ ಸೀರೆ ಎಂದರು. ಅದು ಅವರದೇ ಲುಂಗಿ. ನನಗೆ ನಗುವೂ ಬಂತು, ಅಳುವೂ ಬಂತು.

ಕೊನೆಗೆ ಹೈದರ್ ಕಾಕನಿಗೆ ಎಲ್ಲ ಹೇಳಿದೆ. ಗತ್ತು ಎಂದದ್ದಕ್ಕೆ ಆ ಮನುಷ್ಯ ಎಷ್ಟು ನೊಂದುಕೊಂಡರು ಗೊತ್ತಾ? ಆಮೇಲೆ ಒಂದು ಉಪಾಯ ಮಾಡಿದರು. ನನಗೇ ಕಣ್ಣು ಮಂಜು ಮಂಜು, ಒಬ್ಬನೇ ಹೋಗಲು ಹೆದರಿಕೆ, ನೀನು ಜೊತೆಗೆ ಬಾ ಎಂದು ಅಪ್ಪನನ್ನು ಪುತ್ತೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಕಾಕ ಗೋಡೆಯ ಮೇಲಿನ ಕೊನೆಯ ಸಾಲಿನವರೆಗೆ ಗಡಗಡ ಓದಿಬಿಟ್ಟು, "ಈಗ ಜತ್ತಣ್ಣ ಓದಲಿ, ಯಾರು ಗೆಲ್ಲುದು ನೋಡುವಾ" ಎಂದರು. ಅಪ್ಪ ಪಂದ್ಯಕ್ಕೆ ಕೂತವರ ಹಾಗೆ ಕೂತರು. ಎಡಗಣ್ಣಿನಲ್ಲಿ ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರವೂ ಸಿಗಲಿಲ್ಲ. ಆಗ ಅವರ ಮುಖ ನೋಡಬೇಕಿತ್ತು. ಕಾಕ ಬೇರೆ ಕಡೆ ತಿರುಗಿ ನಿಂತರು.

ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು, ಒಳ್ಳೆಯ ಮಾತು. ಎಡಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಸರಿ ಕಾಣುತ್ತದೆ, ಬಲಗಣ್ಣಿಗೆ ಸದ್ಯ ಕನ್ನಡಕ ಸಾಕು ಎಂದರು. ಹಳದಿ ಕನ್ನಡಕವನ್ನು ಕೈಯಲ್ಲಿ ಹಿಡಿದು, ಇದು ಬರುವ ಬೆಳಕನ್ನೂ ಕಡಿಮೆ ಮಾಡುತ್ತದೆ, ಮುಸ್ಸಂಜೆಗೆ ಇನ್ನೂ ಕಷ್ಟ ಎಂದು ತಿಳಿಸಿ ಹೇಳಿದರು. "ಹೆದರಬೇಡಿ, ನೀವು ಪುನಃ ಗಾಡಿ ಓಡಿಸ್ಬಹುದು. ಆದರೆ ಆಪರೇಷನ್ ಆಗಿ, ನಾನು ನೋಡಿ ಆಗ್ಬಹುದು ಅಂತ ಹೇಳುವವರೆಗೆ ಬೇಡ" ಎಂದರು. ಕೇಳುವಾಗ ನನಗೆ ಅರ್ಧ ಜೀವ ಬಂದ ಹಾಗಾಯಿತು. ದೂರಕ್ಕೂ ಓದುವುದಕ್ಕೂ ಆಗುವ ಕನ್ನಡಕ ಮಾಡಿಸಿಕೊಂಡು ಬಂದೆವು.

ಈಗ ಕಷ್ಟ ಇರುವುದು ಇಲ್ಲಿ. ಆಪರೇಷನ್ ಏನಿದ್ದರೂ ನಿನ್ನ ಸೀಮಂತ ಕಳೆದ ಮೇಲೆ ಎಂದು ಅಪ್ಪ ಹಟ ಹಿಡಿದಿದ್ದಾರೆ. ಫೆಬ್ರವರಿಯ ಆ ಭಾನುವಾರ ಶಾಸ್ತ್ರ ಮುಗಿದ ಮೇಲೆ ಕಡಬದಿಂದ ಪಂಜದ ದಾರಿಯಾಗಿ ನಿನ್ನನ್ನು ತಮ್ಮ ಜೀಪಿನಲ್ಲೇ ಕರೆತರುವುದಂತೆ. "ಚೊಚ್ಚಲ ಬಸುರಿ ಮಗಳು ಮನೆಗೆ ಬರುವಾಗ ಅಪ್ಪನ ಗಾಡಿ ಇರುವಾಗ ಬೇರೆಯವರ ಗಾಡಿಯಲ್ಲಿ ಬರುದಾ? ಜನ ಎಂತ ಹೇಳ್ತಾರೆ?" ಎಂದರು. ಜನ ಏನು ಹೇಳುತ್ತಾರೋ, ನಿನಗೂ ನಿನ್ನ ಹೊಟ್ಟೆಯ ಮಗುವಿಗೂ ಏನಾದರೂ ಆದರೆ ನಾನು ಏನು ಹೇಳಲಿ? ಕೀ ಕೊಡುವುದಿಲ್ಲ ಎಂದೆ. ಅಕ್ಕಿ ಡಬ್ಬ ನನಗೆ ಗೊತ್ತಿಲ್ಲದ್ದಾ ಎಂದರು. ಹೊಸ ಕನ್ನಡಕ ಡಬ್ಬಿಯಿಂದ ಹೊರಗೆ ಬಂದಿಲ್ಲ. ಅದನ್ನು ಹಾಕಿದರೆ ಮುದುಕನಾದ ಹಾಗೆ ಎಂದು ಅವರ ಲೆಕ್ಕ.

ಅದಕ್ಕೇ ನೀನು ಫೋನ್ ಮಾಡಿ ಹೇಳಬೇಕು. ಅಪ್ಪಾ, ನಾನು ನಿಮ್ಮ ಅಳಿಯ ರೂಪೇಶರ ಕಾರಿನಲ್ಲಿ ಬರುತ್ತೇನೆ, ನಿಮ್ಮ ಜೀಪಿಗೆ ಈ ಸಲ ಹತ್ತುವುದಿಲ್ಲ ಎಂದು ನೇರವಾಗಿ ಹೇಳು. ಅವರಿಗೆ ನೋವಾಗುತ್ತದೆ, ಎರಡು ದಿನ ಊಟ ಸೇರಲಿಕ್ಕಿಲ್ಲ. ಆದರೂ ಹೇಳು. ನನ್ನ ಮಾತನ್ನು ತಳ್ಳಿಹಾಕುತ್ತಾರೆ, ನಿನ್ನ ಮಾತನ್ನು ಇದುವರೆಗೆ ತಳ್ಳಿದವರಲ್ಲ. ನಾನು ಬರೆದದ್ದು ಮಾತ್ರ ಗೊತ್ತಾಗುವುದು ಬೇಡ. ಅವರ ಮೇಲೆ ಸಿಟ್ಟು ಮಾಡಬೇಡ. ನನಗೂ ಸಿಟ್ಟಿಲ್ಲ, ಹೆದರಿಕೆ ಮಾತ್ರ. ಆ ಮನುಷ್ಯ ಇನ್ನೂ ತುಂಬಾ ವರ್ಷ ನನ್ನೊಟ್ಟಿಗೆ ಇರಬೇಕು, ನಿನ್ನ ಮಗುವನ್ನು ಕಣ್ತುಂಬ ನೋಡಬೇಕು.

ಹಪ್ಪಳ ಎಲ್ಲರಿಗೂ ಕೊಡು, ನೀನು ಕರಿದದ್ದನ್ನು ಹೆಚ್ಚು ತಿನ್ನಬೇಡ.

ನಿನ್ನನ್ನೇ ಎದುರು ನೋಡುತ್ತಿರುವ,
ಅಮ್ಮ
ಲೋಲಾಕ್ಷಿ

ವಿ.ಸೂ.: ಮಗಾ, ಇದು ಅಪ್ಪ ಬರೆಯುವುದು. ಅಮ್ಮ ಕಾಗದವನ್ನು ಕವರಿಗೆ ಹಾಕದೆ ಡೇರಿಗೆ ಹಾಲು ಕೊಡಲು ಹೋದಳು. ಓದಬಾರದಿತ್ತು, ಓದಿದೆ. ಹೊಸ ಕನ್ನಡಕ ಹಾಕಿಯೇ ಓದಿದೆ, ಅವಳ ಕೋಳಿಕಾಲಿನ ಅಕ್ಷರವೂ ಸ್ಪಷ್ಟ ಕಂಡಿತು. ನಿನ್ನನ್ನು ಹೆದರಿಸಬಾರದೆಂದು, ಲಾರಿಯ ಹತ್ತಿರ ಯಾರೂ ಇರಲಿಲ್ಲ ಎಂದು ಬರೆದಿದ್ದಾಳೆ. ಒಬ್ಬ ಇದ್ದ. ಲಾರಿಯ ಡ್ರೈವರ್ ಹಿಂದಿನ ಚಕ್ರದ ಹತ್ತಿರ ಕೂತು ಜಾಕಿ ಇಡುತ್ತಿದ್ದ. ಅಮ್ಮ ಕಿರುಚಿದ್ದಕ್ಕೆ ಎದ್ದು ನಿಂತ, ಆಗಲೇ ನನಗೆ ಕಂಡದ್ದು. ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ. ಅವನು ಬೈಯಲೂ ಇಲ್ಲ, ಹತ್ತಿರ ಬಂದು ನೀರು ಬೇಕಾ ಅಣ್ಣ ಎಂದು ಕೇಳಿದ. ಮಂಜಲ್ಲ ಎಂದು ನನಗೆ ಅಂದೇ ಗೊತ್ತಿತ್ತು. ಜೀಪು ಇಲ್ಲದಿದ್ದರೆ ನಾನು ಯಾರು ಎಂಬ ಹೆದರಿಕೆಯಲ್ಲಿ ಒಪ್ಪಿಕೊಳ್ಳಲಿಲ್ಲ.

ನೀನು ಫೋನ್ ಮಾಡಿ ಕಷ್ಟಪಟ್ಟು ಹೇಳುವುದು ಬೇಡ. ಈಗಷ್ಟೇ ಹೈದರನಿಗೆ ಫೋನ್ ಮಾಡಿದೆ, ಈ ವಾರವೇ ಪುತ್ತೂರಿಗೆ ಹೋಗಿ ಆಪರೇಷನ್ನಿಗೆ ದಿನ ಗೊತ್ತು ಮಾಡಿ ಬರುತ್ತೇವೆ. ಸೀಮಂತದ ದಿನ ಕಾರು ರೂಪೇಶ್ ಓಡಿಸಲಿ, ಅಮ್ಮ ಮುಂದೆ ಕೂರಲಿ, ನಾನು ಹಿಂದಿನ ಸೀಟಿನಲ್ಲಿ ನಿನ್ನ ಪಕ್ಕ ಕೂರುತ್ತೇನೆ. ನೀನು ಹುಟ್ಟಿದ ಮೇಲೆ ಎಲ್ಲಿಗೆ ಹೋಗುವಾಗಲೂ ನಾನು ಸ್ಟೇರಿಂಗಿನಲ್ಲಿ, ನೀನು ಹಿಂದೆ. ನಿನ್ನನ್ನು ಕನ್ನಡಿಯಲ್ಲಿ ನೋಡಿದ್ದೇ ಹೆಚ್ಚು. ಈ ಸಲ ದಾರಿಯನ್ನು ರೂಪೇಶ್ ನೋಡಿಕೊಳ್ಳಲಿ, ನಾನು ಮನೆಯವರೆಗೂ ನಿನ್ನ ಮುಖ ನೋಡಿಕೊಂಡು ಬರುತ್ತೇನೆ.