ಮೇಲಿನ ಗಡಿಗೆಯ ಕರಿಪುಡಿ

ಪಂಚನಹಳ್ಳಿ
೧೪-೩-೧೯೮೬

ಚಿ. ಸೌ. ಮಲ್ಲಿಕಾಂಬಳಿಗೆ ನಿನ್ನ ಅವ್ವನ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕು. ಸೋಮವಾರದಿಂದ ಆ ಸಾಲು ಬರೆಯಲು ಕೂರುತ್ತೇನೆ, ಏಳುತ್ತೇನೆ. ಕೈ ಬರುತ್ತಿಲ್ಲ. ಇವತ್ತು ಅದನ್ನು ಬಿಟ್ಟೇ ಬರೆಯುತ್ತಿದ್ದೇನೆ.

ಸೋಮವಾರ ನಿನ್ನ ಶಿಷ್ಯ ಓಂಕಾರಮೂರ್ತಿ ಬಂದಿದ್ದ. ಬೀರೂರಿನಲ್ಲಿ ರೈಲು ಇಳಿದು ಬಸ್ಸಿನಲ್ಲಿ ನಿಂತೇ ಬಂದನಂತೆ. ಅಜ್ಜಂಪುರದ ಕಡೆಯ ಹುಡುಗ, ನಮ್ಮ ಮಠಕ್ಕೇ ನಡೆದುಕೊಳ್ಳುವವರು, ಹಣೆ ತುಂಬ ವಿಭೂತಿ. ಸಂತೋಷವಾಗಿ ಕೂರಿಸಿ ಊಟ ಹಾಕಿದೆ. ಉಂಡೆದ್ದವನು ದೇವರ ಕೋಣೆಯ ಪಕ್ಕದ ನಿನ್ನ ಸೋಸುವ ಗಡಿಗೆಗಳ ಹತ್ತಿರ ಹೋಗಿ, ಮೇಲಿನ ಗಡಿಗೆಯ ಹಳೆಯ ಕರಿಪುಡಿ ತೆಗೆದು, ತಾನು ತಂದದ್ದನ್ನು ತುಂಬಿದ. ಕೈ ಒರೆಸಿಕೊಳ್ಳುತ್ತ, “ಅಮ್ಮಾ, ಈ ಸಲ ಮೂಳೆ ಚೆನ್ನಾಗಿ ಸುಟ್ಟೈತೆ. ನೀರು ಇನ್ನೂ ಚೆನ್ನಾಗಿ ಬರ್ತದೆ” ಎಂದ.

“ಏನು ಸುಟ್ಟೈತೆ?” ಎಂದೆ.

“ಮೂಳೆ ಕಣಮ್ಮ, ದನದ ಮೂಳೆ. ಯಾಕೆ, ಮೇಡಂ ಹೇಳಿಲ್ವಾ?”

ನನ್ನ ಕೈಯಲ್ಲಿ ಆಗ ಅದೇ ನೀರಿನ ಲೋಟ ಇತ್ತು, ಮಲ್ಲಿಕಾ. ಅದು ಹೇಗೆ ಬಿತ್ತೋ ಗೊತ್ತಿಲ್ಲ. ಬಿದ್ದ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

ದೀಪಾವಳಿಗೆ ನೀನು ಗಡಿಗೆ ತಂದಿಟ್ಟಾಗ ಒಳಗೇನಿದೆ ಎಂದು ಕೇಳಿದ್ದೆ. “ಸುಟ್ಟ ಇದ್ದಿಲು ಕಣವ್ವ” ಎಂದೆ ನೀನು. ಇದ್ದಿಲು ಅಂದರೆ ಸೌದೆ ಎಂದುಕೊಂಡೆ. ಅಂದಿನಿಂದ ದಿನಾ ಲಿಂಗಕ್ಕೆ ಮಜ್ಜನ ಮಾಡಿ ತೀರ್ಥವೆಂದು ಕುಡಿದದ್ದು ಅದೇ ನೀರು. ಸಂಕ್ರಾಂತಿ ಕಳೆದ ಮೇಲೆ ಸ್ವಾಮಿಗಳು ನಮ್ಮ ಮನೆಗೆ ಪಾದಪೂಜೆಗೆ ಬಂದಾಗ ಬೆಳ್ಳಿ ಚೊಂಬಿನಲ್ಲಿ ಕೊಟ್ಟದ್ದೂ ಅದೇ. “ನನ್ನ ಮಗಳು ಕೆಮಿಸ್ಟ್ರಿ ಪ್ರೊಫೆಸರ್, ಬುದ್ಧಿ, ಅವಳೇ ಕಂಡುಹಿಡಿದದ್ದು” ಎಂದು ಸೆರಗು ಸರಿಮಾಡಿಕೊಂಡು ಹೇಳಿದ್ದೆ.

ಹುಡುಗ ಹೆದರಿ, ಏನೇನೋ ವಿವರಿಸಿದ. ನಮ್ಮ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡು ಮನುಷ್ಯರ ಹಲ್ಲನ್ನೂ ಮೂಳೆಯನ್ನೂ ಹುಡುಕಿಕೊಂಡು ಹೋಗಿ ಕೂರುತ್ತದಂತೆ. ಗಡಿಗೆಯಲ್ಲೇ ಮೂಳೆ ಸಿಕ್ಕಿದರೆ ಅಲ್ಲೇ ಅಂಟಿಕೊಂಡು ನಮ್ಮನ್ನು ಬಿಡುತ್ತದಂತೆ. ಕೇಳಿದರೆ ತಲೆದೂಗುವಂಥ ಮಾತೇ. ನನಗೆ ಆಗ ಕಾಣುತ್ತಿದ್ದದ್ದು ಬೀರೂರಿನ ಗೂಡ್ಸ್ ಶೆಡ್ಡಿನ ಹಿಂದಿನ ಮೂಳೆ ರಾಶಿ ಮಾತ್ರ.

ಒನಕೆ ತಂದೆ, ಒಡೆದು ಹಾಕಲಿಕ್ಕೆ. ಆಗ ಪಂಕಜಾಕ್ಷಿ ಗಡಿಗೆಗೆ ಅಡ್ಡ ನಿಂತಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನೆದುರು ಒಂದು ದಿನ ದನಿ ಎತ್ತದವಳು, ಕಂಕುಳಲ್ಲಿ ಮಗು ಇಟ್ಟುಕೊಂಡು, “ಒಡೀಬ್ಯಾಡಿ ಅತ್ತೆ. ದೊಡ್ಡೋಳು ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಾಳೆ, ನೋಡಿದೀರಲ್ಲ. ಇದಕ್ಕೂ ಹಂಗೇ ಕಂದು ಹಲ್ಲು ಬರ್ಲಾ?” ಎಂದಳು.

“ಅದು ಮೂಳೆ ಕಣೇ!” ಎಂದೆ.

“ಗೊತ್ತು. ನಂಗೆ ಮೊದ್ಲಿಂದ್ಲೂ ಗೊತ್ತು.”

ನಿನ್ನ ಅಣ್ಣ ಬಸವರಾಜಪ್ಪನ ಮುಖ ನೋಡಿದೆ. ಅವನು ಸೂರು ನೋಡುತ್ತಿದ್ದ. ಅವನಿಗೂ ಗೊತ್ತಿತ್ತು. “ನಿಮಗೆ ಹೇಳಿದ್ರೆ ನೀವೂ ಕುಡೀತಿರ್ಲಿಲ್ಲ, ನಮ್ಗೂ ಕುಡಿಯಾಕೆ ಬಿಡ್ತಿರ್ಲಿಲ್ಲ” ಎಂದಳು ಪಂಕಜಾಕ್ಷಿ. ನನಗೆ ಗೊತ್ತಿಲ್ಲದೆ ಈ ಮನೆಯಲ್ಲಿ ಉಪ್ಪಿನ ಮರಿಗೆಯೂ ಜಾಗ ಬದಲಿಸಿದ್ದಿಲ್ಲ. ಮೂಳೆಗಿಂತ ಆ ಮಾತೇ ನನ್ನ ಎದೆಗೆ ಬಡಿಯಿತು. ಒನಕೆ ಎಲ್ಲಿಟ್ಟೆನೋ ನೆನಪಿಲ್ಲ.

ಗಡಿಗೆ ಒಡೆಯಲಿಲ್ಲ. ಹಿತ್ತಲ ಜಗಲಿಗೆ ಹಾಕಿಸಿದ್ದೇನೆ. ದೇವರ ಕೋಣೆ ತೊಳೆಸಿದೆ. ಮಠಕ್ಕೆ ಇನ್ನೂ ಹೇಳಿ ಕಳಿಸಿಲ್ಲ. ಯಾವ ಬಾಯಲ್ಲಿ ಹೇಳಲಿ?

ನಾನೂ ಹೈಸ್ಕೂಲು ಮೆಟ್ಟಿಲು ಹತ್ತಿದವಳು. ಕೂರಿಸಿ ಬಿಡಿಸಿ ಹೇಳಿದ್ದರೆ ಅರ್ಥವಾಗುತ್ತಿತ್ತು. ಒಪ್ಪುತ್ತಿದ್ದೆನೋ ಇಲ್ಲವೋ, ಅದು ಬೇರೆ. ಲೋಕದಲ್ಲಿಲ್ಲದ ವಸ್ತು ಮಾಡುವುದೇ ನಿನ್ನ ರಿಸರ್ಚು ಎನ್ನುತ್ತೀ. ಬಿಸಿಲಿನಲ್ಲಿಟ್ಟರೆ ಕರೆಂಟು ಕೊಡುವ ಬಿಲ್ಲೆ ಮಾಡುತ್ತೀಯಂತೆ. ಅಷ್ಟೆಲ್ಲ ಬಲ್ಲವಳಿಗೆ ನಿನ್ನ ತಾಯಿಯ ಪೂಜೆಗೆ ಮೂಳೆ ಬಿಟ್ಟು ಬೇರೇನೂ ಸಿಗಲಿಲ್ಲವೇ? ಹುಡುಕು. ಸಿಗುವವರೆಗೆ ಈ ಹೊಸ್ತಿಲು ತುಳಿಯಬೇಡ.

ಇಂತಿ ನಿನ್ನ ಅವ್ವ,
ವಿಶಾಲಾಕ್ಷಮ್ಮ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನೀನು ಗಡಿಗೆ ಕೊಟ್ಟ ನಾಲ್ಕು ಮನೆಯವರ ಪರವಾಗಿ ನಿನ್ನೆ ಕಲ್ಲಮ್ಮ ಬಂದಿದ್ದಳು. “ಅಕ್ಕಾ, ಅದರಾಗೆ ಏನೋ ಐತಂತಲ್ಲ, ಮಕ್ಕಳಿಗೆ ಕೊಡಾದೋ ಬ್ಯಾಡ್ವೋ?” ಎಂದು ಕೇಳಿದಳು. ಅವಳ ಮೊಮ್ಮಗ ಸೆರಗು ಹಿಡಿದು ನಿಂತಿದ್ದ. ಎಳೆ ಹಲ್ಲು, ಹಾಲಿನ ಹಾಗೆ. “ತೆಂಗಿನ ಚಿಪ್ಪಿನ ಇದ್ದಿಲು ಕಣೇ, ಧಾರಾಳವಾಗಿ ಕೊಡು” ಎಂದುಬಿಟ್ಟೆ. ಕೊರಳಲ್ಲಿ ಲಿಂಗ ಇಟ್ಟುಕೊಂಡು ಸುಳ್ಳು ಹೇಳಿದೆ. ನಮ್ಮ ತೋಟದ ಚಿಪ್ಪು ಎರಡು ಚೀಲ ಲಾರಿಗೆ ಹಾಕಿಸಿದ್ದೇನೆ, ಬಿಡಿಸಿಕೋ. ನಾನು ಮಾತ್ರ ಕೊಳವೆಬಾವಿ ನೀರಿಗೇ ಮರಳಿದ್ದೇನೆ. ಬೆನ್ನು ಆಗಲೇ ಹಳೆಯ ಹಾಗೆ ಬಿಗಿಯುತ್ತಿದೆ, ಪೂಜೆಗೆ ಕೂತರೆ ಎಬ್ಬಿಸಲು ಪಂಕಜಾಕ್ಷಿ ಬರಬೇಕು. ನಾನು ಹೇಳಿದ್ದನ್ನು ನಿಜ ಮಾಡು ಮಗಳೇ. ಬೇಗ ಮಾಡು.